ಸುತ್ತುಚಿತ್ರವೂ ನಿಂತವನ ನೆಲೆಯೂ

ಒಂದು ಸ್ಥಳವನ್ನು ಸಂಪೂರ್ಣವಾಗಿ ತೋರಿಸಿದವನು ಆ ಸ್ಥಳದ ವಿಷಯದಲ್ಲಿ ಸತ್ಯವನ್ನೇ ನುಡಿದಂತಾಯಿತೆ? ಈ ಪ್ರಶ್ನೆ ಮೊದಲ ನೋಟಕ್ಕೆ ತರ್ಕಶಾಸ್ತ್ರದ ಗ್ರಂಥದಿಂದ ಎದ್ದು ಬಂದಂತೆ ತೋರಬಹುದು. ಆದರೆ ಇಂದು ಶಾಲೆಯ ಹುಡುಗನ ಕೈಗೆ ಸಿಕ್ಕುವ ಮೊಬೈಲಿನಲ್ಲಿಯೂ ಸುತ್ತಲಿನ ದೃಶ್ಯವನ್ನು ಒಂದೇ ಪಟದಲ್ಲಿ ಹಿಡಿಯುವ ಸೌಕರ್ಯವಿರುವುದರಿಂದ, ಇದು ಪಂಡಿತರ ಗೋಷ್ಠಿಗೆ ಬಿಟ್ಟುಬಿಡಬಹುದಾದ ಪ್ರಶ್ನೆಯಾಗಿ ಉಳಿದಿಲ್ಲ. ಗುಡ್ಡದ ತುದಿಯನ್ನೇರಿದವನು, ಕಡಲ ತಡಿಯಲ್ಲಿ ನಿಂತವನು, ಕೈಚಾಚಿ ತನ್ನ ಸುತ್ತ ತಾನೇ ತಿರುಗಿ, "ಇಗೋ, ಅಲ್ಲಿರುವುದೆಲ್ಲ ಇದರಲ್ಲಿದೆ" ಎಂದು ನಮ್ಮ ಮುಂದೆ ಹಿಡಿಯುತ್ತಾನೆ. ಆ 'ಎಲ್ಲ' ಎಂಬ ಮಾತನ್ನು ಸ್ವಲ್ಪ ವಿಚಾರಿಸಿ ನೋಡೋಣವೆಂದೇ ಈ ಬರವಣಿಗೆ.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ನಮ್ಮ ಕಡೆಯ ಭೂಮಿ ಈ ಪರೀಕ್ಷೆಗೆ ಅಷ್ಟಾಗಿ ಒದಗದು. ತೆಂಗು, ಕಂಗು, ಬೇಲಿ, ತಿರುವು ಎಂದು ಹತ್ತು ಮಾರಿಗೊಂದು ಮರೆ. 'ಎಲ್ಲವೂ ಕಂಡಿತು' ಎಂದು ಹೇಳಲು ಇಲ್ಲಿ ಯಾರಿಗೂ ಧೈರ್ಯ ಬಾರದು. ಮರೆಯೆಂಬುದೇ ಇಲ್ಲದ, ಕಣ್ಣು ಹೋದಷ್ಟು ದೂರ ಹೋಗಬಲ್ಲ ಬಯಲಿನಲ್ಲಿ ಆ ಮಾತು ತನ್ನ ಪೂರ್ಣಬಲದಿಂದ ನಿಂತಿರುತ್ತದೆ. ಅಂಥದೊಂದು ಎಡೆಯನ್ನು ಆರಿಸಿಕೊಳ್ಳೋಣ.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಆಗ್ನೇಯದಲ್ಲಿ ಮೊಹಾವಿ ಎಂಬ ಮರುಭೂಮಿಯಿದೆ. ಅದರ ನಡುವೆ ಆಂಬಾಯ್ ಎಂಬ ದಾರಿಬದಿಯ ತಂಗುದಾಣ. ಊರೆನ್ನಲು ನಾಲಗೆ ಹಿಂಜರಿಯುವಷ್ಟು ಚಿಕ್ಕದು. 1883ರಲ್ಲಿ ಅಲ್ಲಿ ರೈಲುಹಾದಿಯನ್ನು ಹಾಕಿದವರು ಬರಿನೆಲದ ಮೇಲೆ ನಿಲ್ದಾಣಗಳನ್ನು ಗುರುತಿಸಿ, ಅವಕ್ಕೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹೆಸರಿಟ್ಟರು: ಆಂಬಾಯ್, ಬ್ರಿಸ್ಟಲ್, ಕೇಡಿಜ್, ಡ್ಯಾನ್ಬಿ ಎಂದು, ಶಾಲೆಯ ಹಾಜರಿಪಟ್ಟಿಯನ್ನು ಬರೆದ ಹಾಗೆ. 1926ರಲ್ಲಿ ಷಿಕಾಗೋ ನಗರದಿಂದ ಲಾಸ್ ಏಂಜಲಿಸ್‌ವರೆಗಿನ ಅರವತ್ತಾರನೆಯ ಸಂಖ್ಯೆಯ ಹೆದ್ದಾರಿ ಗುರುತಾದಾಗ, ಆ ದಾರಿ ಈ ಎಡೆಯ ಮೂಲಕವೇ ಹಾಯಿತು. 1938ರಲ್ಲಿ ರಾಯ್ ಕ್ರೌಲ್ ಎಂಬಾತನು ಇಲ್ಲಿ ಪೆಟ್ರೋಲು ಮಾರುವ, ಕೆಟ್ಟ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿಯೊಂದನ್ನು ತೆರೆದನು. ಅವನ ಅಳಿಯ ಬಸ್ಟರ್ ಬರ್ರಿಸ್ ಜೊತೆಗೂಡಿದ ಮೇಲೆ ಊಟದ ಮನೆಯೂ, ರಾತ್ರಿ ತಂಗುವ ಸಣ್ಣ ಸಣ್ಣ ಕೋಣೆಗಳೂ ಆದುವು. 1959ರಲ್ಲಿ 'ರಾಯ್ಸ್' ಎಂಬ ಹೆಸರನ್ನು ಹೊತ್ತ 50 ಅಡಿ ಎತ್ತರದ ನಿಯಾನ್ ದೀಪದ ಫಲಕವೊಂದನ್ನು ನಿಲ್ಲಿಸಿದರು. ಬಾಯಾರಿದ ದಾರಿಗನಿಗೆ ಅದು ಬಲು ದೂರದಿಂದಲೇ ಕಾಣುತ್ತಿದ್ದಿರಬೇಕು.

1973ರಲ್ಲಿ ಉತ್ತರದ ಬೆಟ್ಟಗಳಾಚೆ ನಲ್ವತ್ತನೆಯ ಸಂಖ್ಯೆಯ ಹೊಸ ಹೆದ್ದಾರಿ ತೆರೆಯಿತು. ಬಂಡಿಗಳೆಲ್ಲ ಅತ್ತ ಹರಿದುವು; ಆಂಬಾಯ್ ಇದ್ದಲ್ಲಿಯೇ ಉಳಿಯಿತು. ಕೋಣೆಗಳು ಬರಿದಾದುವು, ಶಾಲೆ ಮುಚ್ಚಿತು. 1985ರಲ್ಲಿ ಅರವತ್ತಾರನೆಯ ಹೆದ್ದಾರಿಯ ಹೆಸರನ್ನೇ ಪಟ್ಟಿಯಿಂದ ತೆಗೆದರು. 2005ರಲ್ಲಿ ಆಲ್ಬರ್ಟ್ ಒಕುರ ಎಂಬ ಹೋಟೆಲು ಉದ್ಯಮಿ ಇಡೀ ಊರನ್ನೇ 4,25,000 ಡಾಲರಿಗೆ ಕೊಂಡನು. ಊರೊಂದು ಕ್ರಯಪತ್ರದಲ್ಲಿ ಅಡಗಬಲ್ಲುದೆಂಬುದು ನಮಗೆ ವಿಚಿತ್ರವೆನಿಸಿದರೂ ಅಲ್ಲಿ ನಡೆದ ಸಂಗತಿ. ಪೆಟ್ರೋಲಿನ ಪಂಪು ಮತ್ತೆ ನಡೆಯತೊಡಗಿತು. 2019ರ ನವೆಂಬರಿನಲ್ಲಿ ಆರಿಹೋಗಿದ್ದ ಫಲಕದ ದೀಪಗಳು ಮತ್ತೆ ಹೊತ್ತಿದುವು. ಒಕುರ 2023ರಲ್ಲಿ ತೀರಿಕೊಂಡನು.

ಈಗ ಅಲ್ಲಿಗೆ ಬರುವವರಲ್ಲಿ ದಾರಿ ಸಾಗಿಸಲು ಬರುವವರಿಗಿಂತ ನೋಡಲು ಬರುವವರೇ ಹೆಚ್ಚು. ನೋಡಲು ಬಂದವರು ಚಿತ್ರ ತೆಗೆಯುತ್ತಾರೆ. ಅವರಲ್ಲಿ ಕೆಲವರು ಮುಕ್ಕಾಲಿಯ ಮೇಲೆ ಕ್ಯಾಮೆರವನ್ನು ನಿಲ್ಲಿಸಿ ಒಂದು ಸುತ್ತು ತಿರುಗಿಸಿ, ದಿಗಂತದಿಂದ ದಿಗಂತಕ್ಕೆ ಹಬ್ಬಿದ ಚಿತ್ರವನ್ನು ತೆಗೆಯುತ್ತಾರೆ. ಇದನ್ನೇ ನಾವು ಸುತ್ತುಚಿತ್ರವೆನ್ನುವುದು. ನಾವು ಮೊಹಾವಿಗೆ ಹೋದವರಲ್ಲ. ಇಂಥ ಚಿತ್ರಗಳ ಮೂಲಕ ಆ ಬಯಲಿನ ನಡುವೆ ಕುಳಿತು ಎಷ್ಟೋ ಹೊತ್ತು ಕಳೆದವರು. ಒಂದು ದಿಕ್ಕಿನಲ್ಲಿ ಬ್ರಿಸ್ಟಲ್ ಬೆಟ್ಟಗಳ ಬೋಳು ಸಾಲು. ಇನ್ನೊಂದೆಡೆ ಅದೇ ಹೆಸರಿನ ಒಣಸರೋವರದ ಬಿಳಿಯ ತಳ, ಅಲ್ಲಿ ಉಪ್ಪನ್ನೂ ಕ್ಯಾಲ್ಸಿಯಂ ಕ್ಲೋರೈಡನ್ನೂ ತೆಗೆಯಲೆಂದು ಕಡಿದ ಕಾಲುವೆಗಳು. ಪಡುವಣಕ್ಕೆ ಸುಮಾರು 250 ಅಡಿ ಎತ್ತರದ ಕಪ್ಪು ಜ್ವಾಲಾಮುಖಿಯ ಶಂಕು, ಅದರ ಬುಡದಲ್ಲಿ 70 ಚದರ ಕಿಲೋಮೀಟರಿನಷ್ಟು ಹರಡಿ ಹೆಪ್ಪುಗಟ್ಟಿದ ಶಿಲಾರಸ. ಹತ್ತಿರದಲ್ಲಿ ಆ ಫಲಕ, ಪಂಪು, ಬಿಳಿಯ ಬಣ್ಣದ ಬರಿಯ ಕೋಣೆಗಳು, ತಂತಿಕಂಬಗಳು. ಇವೆಲ್ಲವೂ ಒಂದೇ ಪಟದಲ್ಲಿ. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ.

ಪ್ರಶ್ನೆಯನ್ನು ಮುಂದುವರಿಸುವ ಮುನ್ನ ಈ ಕಲೆಯ ಹುಟ್ಟನ್ನು ಸ್ವಲ್ಪ ನೋಡುವುದು ಒಳ್ಳೆಯದು. 'ಪನೋರಮಾ' ಎಂಬ ಶಬ್ದ ಗ್ರೀಕ್ ಧಾತುಗಳಿಂದ ಹೊಸದಾಗಿ ಹೊಸೆದದ್ದು. 'ಎಲ್ಲವನ್ನೂ ಕಾಣುವುದು' ಎಂದು ಅದರ ಅರ್ಥ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು 1787ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದು, 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕೆಂದೇ ಗುಂಡಗಿನ ಕಟ್ಟಡವನ್ನು ಕಟ್ಟಿಸಿದನು. ಕಾಸು ಕೊಟ್ಟು ಒಳಹೊಕ್ಕ ಪ್ರೇಕ್ಷಕನು ನಡುವಣ ಜಗಲಿಯ ಮೇಲೆ ನಿಂತರೆ ಸುತ್ತಲೂ ಗೋಡೆಯೇ ಚಿತ್ರ. ಚಿತ್ರದ ಮೇಲಂಚೂ ಕೆಳಂಚೂ ಕಾಣದಂತೆ ಮರೆಮಾಡುತ್ತಿದ್ದರು. ಅಂಚು ಕಂಡರೆ ಅದು ಚಿತ್ರವೆಂಬುದು ನೆನಪಾಗುತ್ತದೆ. ನೆನಪಾಗಬಾರದೆಂಬುದೇ ಅವರ ಉದ್ದೇಶ. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು.

ಈ ಇತಿಹಾಸದಲ್ಲಿ ಕನ್ನಡನಾಡಿನದೂ ಒಂದು ಪುಟ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಲಗ್ಗೆಯನ್ನು ಸುಮಾರು 120 ಅಡಿ ಉದ್ದದ ಬಾಗಿದ ಮಹಾಪಟದ ಮೇಲೆ ಬರೆದು ಲಂಡನ್ನಿನ ಲೈಸಿಯಂ ಮಂದಿರದಲ್ಲಿ ಪ್ರದರ್ಶನಕ್ಕಿಟ್ಟನು. ಜನ ಮುಗಿಬಿದ್ದು ನೋಡಿದರು. ಕೋಟೆ, ಹೊಳೆ, ಹೊಗೆ, ಏಣಿ, ಬೀಳುತ್ತಿರುವ ಯೋಧರು: ನೋಡುವವನು ಯುದ್ಧದ ಎದುರಿಗೇ ನಿಂತ ಹಾಗೆ. ಪೋರ್ಟರನಾದರೋ ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಕಾವೇರಿಯ ನೀರು ಯಾವ ಬಣ್ಣವೆಂಬುದನ್ನೂ ಅವನು ಕೇಳಿಯೇ ತಿಳಿದಿರಬೇಕು. ಆ ಪಟವನ್ನು ನೋಡಿ ಹೊರಬಂದ ಲಂಡನ್ನಿನ ಗೃಹಸ್ಥನು ಮಾತ್ರ, "ನಾನು ಶ್ರೀರಂಗಪಟ್ಟಣವನ್ನು ನೋಡಿಬಂದೆ" ಎಂದು ಹೆಂಡತಿಗೆ ಹೇಳಿದ್ದರೆ ಆಶ್ಚರ್ಯವೇನೂ ಇಲ್ಲ. ಆಂಬಾಯನ್ನು ಪಟದಲ್ಲಿ ನೋಡಿ ಬರೆಯುವ ನಾವೂ ಒಂದು ವಿಧದಲ್ಲಿ ಆ ಗೃಹಸ್ಥನ ಸಾಲಿನವರೇ, ಅದು ಹಾಗಿರಲಿ.

ಇಂದಿನ ಸುತ್ತುಚಿತ್ರಕಾರನು ಪೋರ್ಟರನಂತಲ್ಲ. ಅವನು ಅಲ್ಲಿಗೆ ಹೋಗಿರುತ್ತಾನೆ, ಬಿಸಿಲಿನಲ್ಲಿ ನಿಂತಿರುತ್ತಾನೆ, ಅವನ ಯಂತ್ರ ಇದ್ದುದನ್ನೇ ಹಿಡಿಯುತ್ತದೆ. ಅಷ್ಟೇ ಅಲ್ಲ, ಒಂದು ವಿಷಯದಲ್ಲಿ ಅವನು ಸಾಮಾನ್ಯ ಛಾಯಾಗ್ರಾಹಕನಿಗಿಂತ ಪ್ರಾಮಾಣಿಕನೆಂದೇ ನಾವು ಹೇಳುತ್ತೇವೆ. ಆಂಬಾಯಿಗೆ ಹೋದ ಸಾಮಾನ್ಯನು ಆ ಫಲಕವನ್ನು ಕೆಳಗಿನಿಂದ ಮೇಲಕ್ಕೆ, ನೀಲಿಯ ಆಕಾಶದ ಹಿನ್ನೆಲೆಯಲ್ಲಿ ಮಾತ್ರ ತೆಗೆಯುತ್ತಾನೆ. ಪಕ್ಕದ ಕಸದ ಡಬ್ಬಿ, ನಿಂತ ಕಾರುಗಳು, ಮುಚ್ಚಿದ ಕಿಟಕಿ, ಇವನ್ನೆಲ್ಲ ಚೌಕಟ್ಟಿನಿಂದ ಹೊರಗೆ ತಳ್ಳುತ್ತಾನೆ. ಸುತ್ತುಚಿತ್ರಕಾರನಿಗೆ ಈ ಕಳ್ಳದಾರಿಯಿಲ್ಲ. ಚೆಂದದ್ದಕ್ಕೆ ಮುಖಮಾಡಿ ಹೊಲಸಿಗೆ ಬೆನ್ನುಹಾಕುವ ಸೌಲಭ್ಯವನ್ನು ಅವನು ತಾನಾಗಿ ಬಿಟ್ಟುಕೊಟ್ಟಿದ್ದಾನೆ. ಅವನ ಯಂತ್ರಕ್ಕೆ ಬೆನ್ನೆಂಬುದೇ ಇಲ್ಲ. ಇದು ಸಣ್ಣ ಗುಣವಲ್ಲ.

ಹಾಗಾದರೆ ತೊಡಕು ಎಲ್ಲಿ? ನಮ್ಮ ಜೈನ ತಾರ್ಕಿಕರು ಒಂದು ಉಪಾಯವನ್ನು ಕಲಿಸಿಕೊಟ್ಟಿದ್ದಾರೆ. ಯಾವ ವಸ್ತುವಿನ ವಿಷಯದಲ್ಲಿಯೂ ಏನನ್ನೇ ಹೇಳುವಾಗ 'ಸ್ಯಾತ್' ಎಂಬ ಪದವನ್ನು ಮುಂದಿಟ್ಟು ಹೇಳಬೇಕು; 'ಒಂದು ದೃಷ್ಟಿಯಿಂದ ಹೀಗೆ' ಎಂದು ಅದರ ತಾತ್ಪರ್ಯ. ಈ ಪದ ಮಾತಿನ ಬಲವನ್ನು ಕುಂದಿಸುವುದಿಲ್ಲ. ಮಾತು ಎಲ್ಲಿಂದ ಹೊರಟಿತೆಂಬುದನ್ನು ತಿಳಿಸುತ್ತದೆ, ಅಷ್ಟೆ. ಸಾಮಾನ್ಯ ಛಾಯಾಚಿತ್ರದ ನಾಲ್ಕು ಅಂಚುಗಳೇ ಅದರ 'ಸ್ಯಾತ್'. ಕಂಬ ಅರ್ಧಕ್ಕೆ ಕಡಿದಿದ್ದರೆ, ಉಳಿದರ್ಧ ಆಚೆ ಇದೆಯೆಂದು ಮಗುವಿಗೂ ತಿಳಿಯುತ್ತದೆ. ಚಿತ್ರ ತಾನು ಅಪೂರ್ಣವೆಂದು ತಾನೇ ಒಪ್ಪಿಕೊಂಡಿರುತ್ತದೆ. ಸುತ್ತುಚಿತ್ರಕ್ಕೆ ಅಂಚಿಲ್ಲ. ಬಲಗಡೆ ಹೋದರೆ ಎಡಗಡೆಯಿಂದ ಮರಳಿ ಬರುತ್ತೇವೆ. ಅದು ತನ್ನ 'ಸ್ಯಾತ್' ಪದವನ್ನು ಕಳೆದುಕೊಂಡ ವಾಕ್ಯ. ಕುರುಡರು ಆನೆಯನ್ನು ಮುಟ್ಟಿದ ಕಥೆ ವಾಚಕರ ನೆನಪಿಗೆ ಬರಬಹುದು. ಆದರೆ ಆ ಕಥೆ ಇಲ್ಲಿಗೆ ಸರಿಹೊಂದುವುದಿಲ್ಲ. ಅಲ್ಲಿ ಪ್ರತಿಯೊಬ್ಬನಿಗೂ ಆನೆಯ ಒಂದೊಂದು ತುಣುಕು ಸಿಕ್ಕಿತ್ತು. ಇಲ್ಲಿ ಕಣ್ಣುಳ್ಳವನೊಬ್ಬನು ಆನೆಯ ಹೊಟ್ಟೆಯೊಳಗೆ ನಿಂತು ಸುತ್ತಲೂ ನೋಡಿ, ಆನೆಯೆಂದರೆ ಒಂದು ಕೋಣೆಯೆಂದು ತೀರ್ಮಾನಿಸಿದಂತೆ ಆಗುವ ಭಯವಿದೆ.

ಈ ಚಿತ್ರ ಸಿದ್ಧವಾಗುವ ಬಗೆಯನ್ನು ತಿಳಿದರೆ ನಮ್ಮ ಮಾತು ಇನ್ನಷ್ಟು ಸ್ಪಷ್ಟವಾದೀತು. ನೋಡಲು ಒಂದಾಗಿದ್ದರೂ ಅದು ಒಂದು ಚಿತ್ರವಲ್ಲ. ಕ್ಯಾಮೆರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿಯೊಂದು ಚಿತ್ರವೂ ಹಿಂದಿನದರ ಕಾಲುಭಾಗದಷ್ಟನ್ನೋ ಮೂರರಲ್ಲೊಂದು ಪಾಲನ್ನೋ ಒಳಗೊಳ್ಳುವಂತೆ ತೆಗೆದು, ಆಮೇಲೆ ಗಣಕಯಂತ್ರದಲ್ಲಿ ಅವನ್ನು ಕೌದಿಯಂತೆ ಹೊಲಿಯುತ್ತಾರೆ. ಹೊಲಿಗೆ ಕಾಣದಿರಬೇಕಾದರೆ ಕ್ಯಾಮೆರ ತಿರುಗುವ ಅಚ್ಚು ಮಸೂರದಲ್ಲಿ ಬೆಳಕು ಒಳಹೋಗುವ ಬಿಂದುವಿನ ಮೂಲಕವೇ ಹಾಯಬೇಕು. ಇಲ್ಲದಿದ್ದರೆ ಹತ್ತಿರದ ಕಂಬವೂ ದೂರದ ಬೆಟ್ಟವೂ ಒಂದಕ್ಕೊಂದು ಜರುಗಿ ತಾಳೆಯಾಗುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಕುಳಿತಲ್ಲಿಯೇ ಪರೀಕ್ಷಿಸಬಹುದು: ಹೆಬ್ಬೆರಳನ್ನು ಮುಖದೆದುರು ಹಿಡಿದು ಒಂದು ಕಣ್ಣು ಮುಚ್ಚಿ ತೆರೆದು, ಮತ್ತೊಂದನ್ನು ಮುಚ್ಚಿದರೆ ಬೆರಳು ಗೋಡೆಯ ಮೇಲೆ ಅತ್ತಿತ್ತ ಹಾರುತ್ತದೆ. ಎರಡು ಅಂಗುಲದ ಅಂತರ ಮಾತ್ರದಿಂದ ಜಗತ್ತು ಅಷ್ಟು ಬದಲಾಗುತ್ತದೆ. ಆದುದರಿಂದ ಸುತ್ತುಚಿತ್ರವು 'ಎಲ್ಲ ಕಡೆಯನ್ನೂ' ತೋರಿಸುತ್ತದೆಯೇ ಹೊರತು 'ಎಲ್ಲ ಕಡೆಯಿಂದಲೂ' ತೋರಿಸುವುದಿಲ್ಲ. ಅದರ ಪೂರ್ಣತೆಯೆಲ್ಲ ಒಂದು ಬಿಂದುವಿಗೆ ಕಟ್ಟುಬಿದ್ದದ್ದು. ಮೂರು ಹೆಜ್ಜೆ ಆಚೆ ನಿಂತಿದ್ದರೆ ಬೇರೊಂದೇ ಪೂರ್ಣತೆ!

ಕಾಲದ ಮಾತಂತೂ ಇನ್ನೂ ಸೂಕ್ಷ್ಮವಾದುದು. ಒಂದು ಸುತ್ತು ತಿರುಗುವಷ್ಟರಲ್ಲಿ ಕೆಲವು ನಿಮಿಷಗಳೇ ಕಳೆಯಬಹುದು. 1904ರಲ್ಲಿ ಸರ್ಕಟ್ ಎಂಬ ತಿರುಗುವ ಕ್ಯಾಮೆರ ಬಂದಿತ್ತು. ಗಡಿಯಾರದ ಕೀಲಿಯಿಂದ ನಿಧಾನವಾಗಿ ತಿರುಗುತ್ತ ಶಾಲೆಯ ಮಕ್ಕಳನ್ನೆಲ್ಲ ಒಂದೇ ಉದ್ದ ಪಟದಲ್ಲಿ ಹಿಡಿಯುತ್ತಿತ್ತು. ತುಂಟ ಹುಡುಗನೊಬ್ಬ ಒಂದು ತುದಿಯಲ್ಲಿ ನಿಂತು ತನ್ನ ಚಿತ್ರವಾದ ಕೂಡಲೇ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲಿ ನಿಂತರೆ, ಒಂದೇ ಪಟದಲ್ಲಿ ಎರಡು ಸಲ ಮೂಡುತ್ತಿದ್ದನು. ಹೀಗೆ ಮಾಡಿದವರು ಅನೇಕರು. ಉಪಾಧ್ಯಾಯರಿಗೆ ಕೋಪ ಬಂದಿರಬಹುದು, ಆದರೆ ನಮ್ಮ ಎಣಿಕೆಯಲ್ಲಿ ಆ ಹುಡುಗನು ಒಂದು ತತ್ತ್ವವನ್ನು ಕಾಲಿನಿಂದ ಸಾಧಿಸಿ ತೋರಿಸಿದನು: ಈ ಪಟದ ಎರಡು ತುದಿಗಳು ಒಂದೇ ಗಳಿಗೆಯವಲ್ಲ.

ಆಂಬಾಯಿನಲ್ಲಿ ಇಂದಿಗೂ ಉದ್ದುದ್ದನೆಯ ಸರಕಿನ ರೈಲುಗಳು ಹಾಯುತ್ತವೆ. ಚಿತ್ರ ತೆಗೆಯುವಾಗ ಅವುಗಳಲ್ಲೊಂದು ಬಂದರೆ ಅದರ ಅರ್ಧ ಬೋಗಿ ಒಂದು ಹೊಲಿಗೆಯಲ್ಲಿ ನಿಂತು, ಮುಂದಿನ ಭಾಗ ಬಯಲಿನಲ್ಲಿ ಕರಗಿಹೋಗಬಹುದು. ಪಂಪಿನ ಬಳಿ ನಡೆದಾಡುವ ಕೆಲಸಗಾರನು ಒಂದು ಚಿತ್ರದಲ್ಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ, ಹೊಲಿದಾಗ ಅವನು ಪಾರದರ್ಶಕನಾಗಿ ಅರೆಬರೆ ಮೂಡುತ್ತಾನೆ. ಇಂಥ ಆಕೃತಿಯನ್ನು ಛಾಯಾಗ್ರಾಹಕರು ತಮ್ಮ ಪರಿಭಾಷೆಯಲ್ಲಿ 'ಭೂತ'ವೆಂದೇ ಕರೆಯುತ್ತಾರೆ. ಭೂತವನ್ನು ಓಡಿಸುವುದು ಸುಲಭ. ಅವನಿಲ್ಲದ ಚಿತ್ರದ ತುಣುಕನ್ನು ಆರಿಸಿಕೊಂಡರಾಯಿತು.

ಇಲ್ಲಿಯೇ ನಾವು ಸ್ವಲ್ಪ ನಿಲ್ಲಬೇಕು. ಸುತ್ತುಚಿತ್ರದಲ್ಲಿ ಉಳಿಯುವುದು ಯಾವುದು? ಅಲುಗಾಡದೆ ಇರುವುದು: ಬೆಟ್ಟ, ಫಲಕ, ಗೋಡೆ, ದಾರಿ. ಅಳಿಯುವುದು ಯಾವುದು? ಚಲಿಸುವುದು, ಎಂದರೆ, ಬಹುಮಟ್ಟಿಗೆ, ಬದುಕುತ್ತಿರುವುದು. ದುಡಿಯುವವನು ನಡೆದಾಡಲೇಬೇಕು, ಬೆಳಗಿನಿಂದ ಸಂಜೆಯವರೆಗೆ ಆ ಬಿಸಿಲಿನಲ್ಲಿ ಬಂದವರ ಬಂಡಿಗೆ ಪೆಟ್ರೋಲು ಹಾಕಿ, ಹೊರಗಿನಿಂದ ತಂದ ನೀರನ್ನು ಹೊತ್ತಿಟ್ಟು, ಕಸ ಗುಡಿಸುವವನು ಆತ. ಚಿತ್ರವನ್ನು ಹಸನುಗೊಳಿಸುವ ನೆವದಲ್ಲಿ ಅವನನ್ನೇ ಗುಡಿಸಿಹಾಕಿ, ಆಮೇಲೆ ಕೆಳಗೆ 'ನಿರ್ಜನ ಮರುಭೂಮಿ' ಎಂದು ಬರೆಯುತ್ತೇವೆ. ಅದು ನಿರ್ಜನವಾಗಿರಲಿಲ್ಲ, ನಾವು ನಿರ್ಜನಗೊಳಿಸಿದೆವು. ಚಿತ್ರಕಾರನಿಗೆ ದುರುದ್ದೇಶವಿರಲಿಲ್ಲವೆಂಬುದು ನಿಜ. ಹೊಲಿಗೆ ಸರಿಯಾಗಬೇಕೆಂಬುದಷ್ಟೇ ಅವನ ಆಸೆ. ಆದರೂ ಹೊಲಿಗೆ ಸರಿಯಾಗಲೆಂದು ಮನುಷ್ಯನನ್ನು ಬಿಡುವುದು ಧರ್ಮವೇ ಎಂಬ ಪ್ರಶ್ನೆ ಉದ್ದೇಶವೊಂದರಿಂದಲೇ ತೀರುವುದಿಲ್ಲ.

ಆ ನೆಲವನ್ನು ಬರಿದೆಂದು ಬರೆದವರಲ್ಲಿ ಇವರೇ ಮೊದಲಿಗರೂ ಅಲ್ಲ. ರೈಲಿನವರು ವರ್ಣಮಾಲೆಯಿಂದ ಹೆಸರಿಡುವ ಎಷ್ಟೋ ಮೊದಲಿನಿಂದ ಮೊಹಾವಿಯಲ್ಲಿ ಚೆಮೆಹ್ವೇವಿ ಮೊದಲಾದ ಮೂಲನಿವಾಸಿ ಜನ ಬದುಕಿದ್ದರು. ಅವರ ಸಂತತಿ ಇಂದಿಗೂ ಇದೆ. ಅವರಲ್ಲಿ 'ಉಪ್ಪಿನ ಹಾಡುಗಳು' ಎಂಬ ಗೀತಪರಂಪರೆಯುಂಟು. ಸತ್ತವರಿಗಾಗಿ ಇರುಳೆಲ್ಲ ಹಾಡುವ ಈ ಹಾಡುಗಳಲ್ಲಿ ಮರುಭೂಮಿಯ ಬೆಟ್ಟ, ಒರತೆ, ಉಪ್ಪಿನ ನೆಲ ಇವು ಒಂದಾದಮೇಲೊಂದರಂತೆ ಬರುತ್ತವೆ. ಹಾಡು ಆ ಇಡೀ ಸೀಮೆಯನ್ನು ಸುತ್ತಿ ಬರುವ ಪಯಣ. ಅದೂ ಒಂದು ಸುತ್ತುಚಿತ್ರವೇ! ಆದರೆ ನಿಂತು ತಿರುಗಿದವನದಲ್ಲ, ನಡೆದು ಸುತ್ತಿದವರದು. ಒಂದು ಒರತೆಯಿಂದ ಮುಂದಿನ ಒರತೆಗೆ ಇರುವ ದೂರ ಅಲ್ಲಿ ಕಾಲಿಗೆ ಗೊತ್ತು, ಬಾಯಾರಿಕೆಗೆ ಗೊತ್ತು. ನಮ್ಮ ಸುತ್ತುಚಿತ್ರದಲ್ಲಿ ಒಣಸರೋವರ ಒಂದು ಬಿಳಿಯ ಪಟ್ಟೆ, ಸೊಗಸಾದ ಪಟ್ಟೆ.

ಇನ್ನೊಂದು ಕೊರತೆಯನ್ನು ಎಷ್ಟು ಒಳ್ಳೆಯ ಯಂತ್ರವೂ ನೀಗಲಾರದು. ಆಂಬಾಯ್ ಯಾಕೆ ಹೀಗಾಯಿತೆಂದು ಆ ಚಿತ್ರವನ್ನು ಕೇಳಿನೋಡಿ. ಮುನ್ನೂರರುವತ್ತು ಅಂಶಗಳಲ್ಲಿ ಎಲ್ಲಿ ಹುಡುಕಿದರೂ ಉತ್ತರ ಸಿಗುವುದಿಲ್ಲ. ಊರು ಬಡವಾದುದಕ್ಕೆ ಕಾರಣ 1973ರ ಹೆದ್ದಾರಿ, ಅದು ಬೆಟ್ಟಗಳಾಚೆ ಇದೆ. ಪರಿಣಾಮವೆಲ್ಲ ಕಣ್ಣೆದುರಿಗಿದೆ, ಕಾರಣ ದಿಗಂತದ ಹಿಂದೆ. ಕಾರಣ ಕಾಣದವನಿಗೆ ಪಾಳುಬಿದ್ದದ್ದು ಬರಿಯ ಅಂದವಾಗಿ ತೋರುತ್ತದೆ. ಬಾಗಿಲು ಮುರಿದ ಕೋಣೆ, ಮಕ್ಕಳಿಲ್ಲದ ಶಾಲೆ, ಇವು 'ಎಂಥ ಮೌನ, ಎಂಥ ಸೊಬಗು!' ಎಂಬ ಉದ್ಗಾರಕ್ಕೆ ಸಾಮಗ್ರಿಯಾಗುತ್ತವೆ. ಮುಚ್ಚಿದ ಶಾಲೆ ಸೊಬಗೆನ್ನಲು ಉಪಾಧ್ಯಾಯರಾದ ನಮಗೆ ಮನಸ್ಸು ಒಡಂಬಡದು. ಅಲ್ಲಿಯೂ ಒಂದು ಕರಿಹಲಗೆಯಿತ್ತು, ಕೊನೆಯ ದಿನ ಅದನ್ನು ಯಾರೋ ಒರೆಸಿರಬೇಕು.

ಈಗ ನಿಂತವನ ಮಾತಿಗೆ ಬರೋಣ. ಸುತ್ತುಚಿತ್ರವನ್ನು ಹರಡಿ ಚಪ್ಪಟೆಯಾಗಿಸಿದಾಗ, ಅದು ಎತ್ತರದ ಎರಡರಷ್ಟು ಅಗಲವಿರುವ ಪಟವಾಗುತ್ತದೆ. ಭೂಗೋಲವನ್ನು ನಕ್ಷೆಯಾಗಿಸಿದಂತೆಯೇ ಇದೂ. ನಕ್ಷೆಯಲ್ಲಿ ಧ್ರುವಬಿಂದು ಎಳೆದು ಎಳೆದು ಕಾಗದದ ಉದ್ದಕ್ಕೂ ಒಂದು ಗೆರೆಯಾಗಿಬಿಡುವುದನ್ನು ಭೂಗೋಳದ ಉಪಾಧ್ಯಾಯರು ಬಲ್ಲರು. ಇಲ್ಲಿಯೂ ನೇರ ಹೆದ್ದಾರಿ ಡೊಂಕಾಗುತ್ತದೆ. ಒಂದೇ ದಾರಿ ಎರಡು ದಾರಿಯಾಗಿ, ಒಂದು ಬಲಕ್ಕೂ ಒಂದು ಎಡಕ್ಕೂ ಹೋಗುವಂತೆ ಕಾಣುತ್ತದೆ. ನೆತ್ತಿಯ ಮೇಲಿನ ಬಿಂದು ಮೇಲಂಚಿನ ಉದ್ದಕ್ಕೂ, ಪಾದದ ಕೆಳಗಿನ ಬಿಂದು ಕೆಳಂಚಿನ ಉದ್ದಕ್ಕೂ ಹರಡಿಕೊಳ್ಳುತ್ತವೆ. ಹೀಗೆ ಚಿತ್ರಕಾರನು ನಿಂತ ಅಂಗೈಯಗಲದ ನೆಲ ಆ ಪಟದಲ್ಲಿ ಎಲ್ಲಕ್ಕಿಂತ ಅಗಲವಾಗಿ ಬರುತ್ತದೆ! ಅಲ್ಲಿ ಏನಿರುತ್ತದೆ? ಮುಕ್ಕಾಲಿಯ ಕಾಲುಗಳು, ಅವನ ಬೂಟಿನ ತುದಿ. ಇದು ಅಂದಗೇಡಿ. ಆದ್ದರಿಂದ ಬಹುಮಂದಿ ಅದನ್ನು ಅಳಿಸಿ, ಪಕ್ಕದ ಮರಳಿನಿಂದ ತೇಪೆ ಹಚ್ಚಿ ಮುಚ್ಚುತ್ತಾರೆ. ಈ ತೇಪೆಗೆ ಅವರಲ್ಲಿ ಒಂದು ಪಾರಿಭಾಷಿಕ ಹೆಸರೂ ಇದೆ. ಎಲ್ಲವನ್ನೂ ತೋರಿಸುವ ಚಿತ್ರದಲ್ಲಿ ಸುಳ್ಳೆಂದು ನಿಶ್ಚಯವಾಗಿ ಹೇಳಬಹುದಾದ ಎಡೆ ಒಂದಿದ್ದರೆ, ಅದು ತೋರಿಸುವವನು ನಿಂತ ಎಡೆಯೇ.

ವೇದಾಂತಿಗಳು ಇದಕ್ಕೆ ಸಮಾಧಾನ ಹೇಳಬಹುದು: ಕಣ್ಣು ತನ್ನನ್ನು ತಾನು ಕಾಣದು, ಸಾಕ್ಷಿಯಾದವನು ದೃಶ್ಯದಲ್ಲಿ ಸೇರುವವನಲ್ಲ, ಇದರಲ್ಲೇನು ದೋಷ? ದೋಷವಿಲ್ಲ, ಸಾಕ್ಷಿ ನಿಜವಾಗಿ ಸಾಕ್ಷಿಯೇ ಆಗಿದ್ದರೆ. ಆತ್ಮವು ಮುಕ್ಕಾಲಿಯನ್ನು ಹೊತ್ತು ತರುವುದಿಲ್ಲ. ಕಾರಿನಲ್ಲಿ ಬಂದು, ಅರ್ಧ ಗಂಟೆ ನಿಂತು, ಒಂದು ಬಾಟಲಿ ತಂಪು ಪಾನೀಯ ಕುಡಿದು ಮುಂದಕ್ಕೆ ಹೋಗುವುದಿಲ್ಲ. ಛಾಯಾಗ್ರಾಹಕನು ಬಂದುದರಿಂದಲೇ ಆಂಬಾಯಿಗೆ ಈಗ ಜೀವನ. ಅವನಂಥವರಿಗಾಗಿಯೇ ದೀಪ ಮತ್ತೆ ಹೊತ್ತಿದ್ದು. ಆ ಸ್ಥಳದ ಇಂದಿನ ಸ್ಥಿತಿಗೆ ಅವನೂ ಒಂದು ಕಾರಣ. ಕಾರಣವಾದವನು ತಾನು ಬರಿಯ ಸಾಕ್ಷಿಯೆಂದರೆ ನ್ಯಾಯಾಲಯದಲ್ಲಿಯೂ ಒಪ್ಪರು.

ನಮ್ಮ ಪೂಜಾವಿಧಿಯಲ್ಲಿ ಎರಡು ಬಗೆಯ ಪ್ರದಕ್ಷಿಣೆಗಳಿವೆ. ಗುಡಿಗೆ ಬರುವ ಪ್ರದಕ್ಷಿಣೆಯಲ್ಲಿ ದೇವರು ನಡುವೆ, ನಾವು ಹೊರಗೆ. ಸುತ್ತುತ್ತ ಸುತ್ತುತ್ತ ಗರ್ಭಗುಡಿಯ ಬೆನ್ನನ್ನೂ ಪಕ್ಕವನ್ನೂ ಕಾಣುತ್ತೇವೆ. ಇನ್ನೊಂದು ಆತ್ಮಪ್ರದಕ್ಷಿಣೆ; ನಿಂತಲ್ಲಿಯೇ ತನ್ನ ಸುತ್ತ ತಾನು ತಿರುಗುವುದು. ಸುತ್ತುಚಿತ್ರಕಾರನು ಮಾಡುವುದು ಈ ಎರಡನೆಯದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆತ್ಮಪ್ರದಕ್ಷಿಣೆಯಲ್ಲಿ ಭಕ್ತನು ಹೇಳುವ ಮಾತು ಯಾವುದೆಂದು ಬಲ್ಲವರು ನೆನೆಯಬೇಕು. ತಾನು ಕಂಡ ಲೋಕದ ವೈಭವವನ್ನಲ್ಲ, ತಾನು ಮಾಡಿದ ಪಾಪಗಳು ಹೆಜ್ಜೆಹೆಜ್ಜೆಗೂ ಕಳೆಯಲೆಂದು ಅವನು ಬೇಡುತ್ತಾನೆ. ತನ್ನ ಸುತ್ತ ತಿರುಗುವವನ ಗಮನ ತನ್ನ ಮೇಲೆಯೇ ಇರಬೇಕೆಂಬ ಈ ಏರ್ಪಾಡು ಎಷ್ಟು ಜಾಣತನದ್ದು!

ಇಷ್ಟೆಲ್ಲ ಹೊರೆಯನ್ನು ಪಾಪ, ಪ್ರವಾಸಿಯೊಬ್ಬನ ಚಿತ್ರದ ಮೇಲೆ ಹೊರಿಸಬೇಕೆ ಎಂದು ಕೆಲವರು ಕೇಳಬಹುದು. ಅವನು ಸಂತೋಷಕ್ಕಾಗಿ ತೆಗೆದ, ನಾವು ಸಂತೋಷಪಟ್ಟೆವು, ಆಯಿತಲ್ಲ! ಈ ಆಕ್ಷೇಪಣೆಯಲ್ಲಿ ತಿರುಳಿಲ್ಲವೆನ್ನಲಾರೆವು. ನೋಟದ ಸುಖ ಕೀಳಲ್ಲ, ದೂರದ ಬಯಲನ್ನು ಮನೆಯಲ್ಲಿ ಕುಳಿತವನ ಮುಂದೆ ತಂದಿಟ್ಟವನಿಗೆ ನಾವು ಋಣಿಗಳೇ. ಆದರೆ ಅಭ್ಯಾಸವೆಂಬುದು ಇದ್ದಲ್ಲಿಯೇ ಇರುವ ಪ್ರಾಣಿಯಲ್ಲ. ಒಂದು ಸುತ್ತು ತಿರುಗಿದರೆ ಒಂದು ಸ್ಥಳ ತಿಳಿಯಿತೆಂಬ ಭಾವನೆ ಚಿತ್ರದಿಂದ ಹೊರಟು ವರದಿಗೆ ಬರುತ್ತದೆ, ವರದಿಯಿಂದ ತೀರ್ಮಾನಕ್ಕೆ ಬರುತ್ತದೆ. ಹನ್ನೊಂದು ಗಂಟೆಗೆ ಶಾಲೆಗೆ ಬಂದು, ಪ್ರತಿಯೊಂದು ತರಗತಿಯ ಬಾಗಿಲಲ್ಲಿಯೂ ಒಮ್ಮೆ ನಿಂತು, ಹನ್ನೆರಡಕ್ಕೆ 'ಸಮಗ್ರ ತಪಾಸಣೆ'ಯನ್ನು ಬರೆದುಕೊಟ್ಟು ಹೋಗುವವರನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಗಡಿಯಲ್ಲಿರುವ ನಮಗೆ, ಎರಡು ಚಿತ್ರಗಳು ಕೂಡುವ ಹೊಲಿಗೆಯಲ್ಲಿ ನಿಲ್ಲುವುದೆಂದರೇನೆಂಬುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅತ್ತಣ ಪಟದಲ್ಲಿ ಅರ್ಧ, ಇತ್ತಣದರಲ್ಲಿ ಅರ್ಧ. ಹೊಲಿಗೆ ಅಂದವಾಗಬೇಕಾದರೆ ಎರಡರಿಂದಲೂ ಇಲ್ಲ.

ಅರ್ಜುನನ ನೆನಪಾಗುತ್ತದೆ. ಎಲ್ಲವನ್ನೂ ಒಂದೇ ಎಡೆಯಲ್ಲಿ ಕಾಣಬೇಕೆಂದು ಬೇಡಿ, ಅದಕ್ಕೆಂದು ದಿವ್ಯವಾದ ಕಣ್ಣನ್ನೂ ಪಡೆದು, ಆದಿ ಮಧ್ಯ ಅಂತಗಳಿಲ್ಲದ ರೂಪವನ್ನು ಅವನು ಕಂಡನು. ಕಂಡವನು ತೃಪ್ತನಾದನೆ? ದಿಕ್ಕು ತಪ್ಪಿ ನಡುಗಿದನು. ಬಳಿಕ ಅವನು ಬೇಡಿದ್ದು ಮೊದಲಿನ ಪರಿಚಿತವಾದ ಸೌಮ್ಯರೂಪವನ್ನು. ಗೆಳೆಯನ ಆ ಮುಖ ಕಂಡಮೇಲೆಯೇ ಅವನ ಮನಸ್ಸು ನೆಲೆಗೆ ಬಂದಿತು. ಎಲ್ಲವನ್ನೂ ಕಂಡದ್ದು ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಆದರೆ ಆಮೇಲೆ ಏನು ಮಾಡಬೇಕೆಂಬುದನ್ನು ಅವನು ತಿಳಿದುಕೊಂಡದ್ದು ಒಂದು ಮುಖದೊಡನೆ ಮಾತಾಡುತ್ತ. ನಮ್ಮ ಕಣ್ಣಿನ ರಚನೆಯೂ ಹೀಗೆಯೇ ಇದೆಯೆಂದು ಶರೀರಶಾಸ್ತ್ರ ಹೇಳುತ್ತದೆ. ಎರಡು ಕಣ್ಣುಗಳೂ ಸೇರಿ ಅಡ್ಡಲಾಗಿ 180 ಅಂಶಗಳಿಗೂ ಮೀರಿ ಕಾಣುತ್ತವೆ. ಆದರೆ ಸ್ಫುಟವಾಗಿ ಕಾಣುವುದು ಸುಮಾರು 2 ಅಂಶಗಳಷ್ಟು ಮಾತ್ರ, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು. ಉಳಿದುದೆಲ್ಲ ಮಸುಕು. ಸ್ಪಷ್ಟವಾಗಿ ಕಾಣಬೇಕಾದರೆ ಒಂದನ್ನು ಆರಿಸಿ ಅದರತ್ತ ತಿರುಗಲೇಬೇಕು, ತಿರುಗಿದಾಗ ಬೇರೆಯದಕ್ಕೆ ಬೆನ್ನಾಗಲೇಬೇಕು.

ಹಾಗೆಂದು ಸುತ್ತುಚಿತ್ರಗಳನ್ನು ತೆಗೆಯಬಾರದೆಂಬುದು ನಮ್ಮ ಮತವಲ್ಲ. ತೆಗೆದವನು ಅದರ ಕೆಳಗೆ ನಾಲ್ಕು ಮಾತು ಬರೆದರೆ ಸಾಕು: ಎಲ್ಲಿ ನಿಂತೆ, ಎಷ್ಟು ಹೊತ್ತಿಗೆ, ಎಷ್ಟು ಕಾಲ, ಯಾರನ್ನು ಅಳಿಸಿದೆ. ನಕ್ಷೆ ಬರೆಯುವವನು ಮೂಲೆಯಲ್ಲಿ ಅಳತೆಗೋಲನ್ನೂ ಉತ್ತರದಿಕ್ಕನ್ನೂ ಗುರುತಿಸುವುದಿಲ್ಲವೆ? ಅದರಿಂದ ನಕ್ಷೆಯ ಗೌರವ ಕಡಮೆಯಾದುದನ್ನು ನಾವು ಕಾಣೆವು. ಮುಕ್ಕಾಲಿಯ ಕಾಲುಗಳನ್ನು ಬಿಟ್ಟರೂ ಲೇಸೇ. ಸಂಜೆಯ ಹೊತ್ತು ಮರುಭೂಮಿಯಲ್ಲಿ ನೆರಳು ಬಹಳ ಉದ್ದ ಬೀಳುತ್ತದೆ, ಅದನ್ನು ಅಳಿಸುವುದು ಕಷ್ಟ. ಕೆಲವು ಚಿತ್ರಗಳಲ್ಲಿ ಮೂರು ಕಾಲಿನ ಒಂದು ನೆರಳು ಮರಳಿನ ಮೇಲೆ ಫಲಕದ ಕಡೆಗೆ ಚಾಚಿ ಉಳಿದಿರುವುದನ್ನು ಕಂಡಿದ್ದೇವೆ. ಆ ಚಿತ್ರಗಳಲ್ಲಿಯೇ ನಮಗೆ ಹೆಚ್ಚು ನಂಬಿಕೆ.

ಉಪಾಧ್ಯಾಯ ಮಿತ್ರರು ಇದನ್ನು ಯಂತ್ರವಿಲ್ಲದೆಯೇ ಮಾಡಿಸಬಹುದು. ಶಾಲೆಯ ಅಂಗಳದ ನಡುವೆ ಎಂಟು ಮಂದಿ ಮಕ್ಕಳನ್ನು ಬೆನ್ನಿಗೆ ಬೆನ್ನು ತಾಗುವಂತೆ ಎಂಟು ದಿಕ್ಕಿಗೆ ಮುಖಮಾಡಿ ನಿಲ್ಲಿಸಿರಿ. ಪ್ರತಿಯೊಬ್ಬನೂ ತನಗೆ ಕಂಡುದನ್ನು, ತನ್ನ ಎರಡು ಪಕ್ಕದವರ ದಿಕ್ಕಿಗೂ ಸ್ವಲ್ಪ ಚಾಚಿಕೊಳ್ಳುವಂತೆ, ಹತ್ತು ನಿಮಿಷಗಳಲ್ಲಿ ಬರೆಯಲಿ. ಅನಂತರ ಪೂರ್ವದಿಂದ ಮೊದಲುಮಾಡಿ ಕ್ರಮವಾಗಿ ಓದಿಸಿರಿ. ಆಗ್ನೇಯಕ್ಕೆ ನಿಂತವಳು ಬಾವಿಕಟ್ಟೆಯ ಬಳಿ ಯಾರೂ ಇರಲಿಲ್ಲವೆಂದು ಬರೆದಿರುತ್ತಾಳೆ, ದಕ್ಷಿಣಕ್ಕೆ ನಿಂತವನು ಅಲ್ಲಿ ಒಬ್ಬಾಕೆ ನೀರು ಸೇದುತ್ತಿದ್ದಳೆಂದು ಬರೆದಿರುತ್ತಾನೆ. ಜಗಳ ಹತ್ತುತ್ತದೆ. ಯಾರದು ಸರಿಯೆಂದು ತೀರ್ಪು ಕೊಡುವ ಆತುರ ಬೇಡ. ಇಬ್ಬರನ್ನೂ ಕರೆದುಕೊಂಡು ಬಾವಿಕಟ್ಟೆಯವರೆಗೆ ನಡೆದು, ಆಕೆ ಇನ್ನೂ ಅಲ್ಲಿದ್ದರೆ ಅವಳನ್ನೇ ಮಾತಾಡಿಸಿರಿ.